ಆಡಿನ ಎಳೆಮರಿಯ ಆರೈಕೆ

ಕನ್ನಡ ಪಂಡಿತನಾದ ನನಗೂ ಆಡಿಗೂ ಇದ್ದ ನಂಟು ಬಹುಕಾಲ ಒಂದು ಮಾತಿನ ನಂಟು ಮಾತ್ರವಾಗಿತ್ತು. ಕೆಲಸಕ್ಕೆ ಬಾರದ ವಸ್ತುವನ್ನು ಹಿಂದಿನವರು ‘ಅಜಾಗಲಸ್ತನ’ವೆಂದು ಕರೆದರು. ಕೆಲವು ಆಡುಗಳ ಕೊರಳಲ್ಲಿ ಜೋಲುವ ಎರಡು ಮಾಂಸದ ಕುಚ್ಚುಗಳು ನೋಡಲು ಮೊಲೆಯಂತಿದ್ದರೂ ಹಾಲು ಕೊಡುವುದಿಲ್ಲ ಎಂಬುದು ಅದರ ತಾತ್ಪರ್ಯ. ತರಗತಿಯಲ್ಲಿ ಇದನ್ನು ಎಷ್ಟೋ ಸಲ ವಿವರಿಸಿದ್ದೇನೆ. ಹಾಲು ಕೊಡುವ ಕೆಚ್ಚಲಿನ ವಿಚಾರ ಮಾತ್ರ ಪಂಡಿತರಿಗೆ ತಿಳಿದಿರಲಿಲ್ಲ. ಅದನ್ನು ಕಲಿಸಿದ್ದು ನಮ್ಮ ಹಟ್ಟಿ. ಕಲಿಕೆಯ ಶುಲ್ಕವೆಂದು ಒಂದು ಮರಿಯ ಪ್ರಾಣವನ್ನೂ ತೆಗೆದುಕೊಂಡಿತು.

ನಾನಿರುವುದು ಬೆಳ್ತಂಗಡಿ ತಾಲೂಕಿನ ಚಾರ್ಮಾಡಿಯಲ್ಲಿ, ಘಾಟಿಯ ಬುಡದಲ್ಲಿ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಸೀಮೆಯಿದು. ಆಟಿ ತಿಂಗಳಲ್ಲಿ ಇಲ್ಲಿ ಹರವಿದ ಬಟ್ಟೆಯೇ ಒಣಗುವುದಿಲ್ಲ. ಆಗತಾನೆ ಹುಟ್ಟಿದ ಆಡಿನ ಮರಿಯ ಮೈ ಒಣಗುವುದೆಂತು? ಪೇಟೆಯಲ್ಲಿ ಮನೆ ಮಾಡಿಕೊಂಡಿರುವ ನಿಮಗೆ ಈ ಚಿಂತೆ ದೂರದ್ದೆಂದು ತೋರಬಹುದು. ಆದರೆ ಮಂಗಳೂರು, ಬಂಟ್ವಾಳ, ಪುತ್ತೂರುಗಳ ಹಿತ್ತಿಲುಗಳಲ್ಲಿಯೂ ಒಂದೆರಡು ಆಡು ಕಟ್ಟಿಕೊಂಡಿರುವವರುಂಟು. ಮಕ್ಕಳ ಹಟಕ್ಕೆ ಸೋತು ಸಂತೆಯಿಂದ ಮರಿ ತಂದವರುಂಟು. ಊರಿನ ಮನೆಯಲ್ಲಿ ವಯಸ್ಸಾದ ತಾಯಿತಂದೆಯರು ಆಡು ಸಾಕಿಕೊಂಡಿದ್ದು, ನಡುರಾತ್ರಿ ದೂರವಾಣಿಯಲ್ಲಿ ‘ಮರಿ ಏಳುವುದಿಲ್ಲವಲ್ಲ ಮಗ, ಎಂತ ಮಾಡುವುದು’ ಎಂದು ಕೇಳುವುದೂ ಉಂಟು. ಅಂಥವರಿಗಾಗಿ ಈ ನಾಲ್ಕು ಮಾತು.

2019ರ ಆಗಸ್ಟ್ ತಿಂಗಳಲ್ಲಿ ಚಾರ್ಮಾಡಿ ಘಾಟಿಯಲ್ಲಿ ಗುಡ್ಡಗಳು ಜರಿದು ಸಂಚಾರ ನಿಂತದ್ದು, ಹೊಳೆಗಳು ಉಕ್ಕಿ ತೋಟಗಳಿಗೆ ನುಗ್ಗಿದ್ದು ನಿಮಗೆ ನೆನಪಿರಬಹುದು. ಆ ವಾರದಲ್ಲಿಯೇ ನಮ್ಮ ಆಡು ಒಂದು ರಾತ್ರಿ ಎರಡು ಮರಿ ಹಾಕಿತು. ಬೆಳಗಿನ ಜಾವ ಲಾಟೀನು ಹಿಡಿದು ಹೋಗಿ ನೋಡಿದರೆ ದೊಡ್ಡ ಮರಿ ತಾಯಿಯ ಕೆಚ್ಚಲಿಗೆ ತಲೆಯಿಂದ ಗುದ್ದುತ್ತಿತ್ತು. ಚಿಕ್ಕದು ಮೂಲೆಯಲ್ಲಿ ಒದ್ದೆಯಾಗಿಯೇ ಮಲಗಿತ್ತು. ತಾಯಿ ಅದನ್ನು ನೆಕ್ಕಿರಲಿಲ್ಲ. ನಾನು ಮಾಡಿದ್ದೇನು? ಹಸಿದಿರಬೇಕೆಂದು ಮನೆಯಲ್ಲಿ ಮಕ್ಕಳಿಗೆ ಹಾಲು ಕುಡಿಸುತ್ತಿದ್ದ ಹಳೆಯ ಒಳಲೆಯನ್ನು ಹುಡುಕಿ ತಂದು, ಬಾಯಿ ಬಿಡಿಸಿ ಹಾಲು ಹೊಯ್ದೆ. ಹಾಲು ಒಳಗೆ ಹೋಯಿತು. ಗಂಟಲಲ್ಲಿ ಗೊರಗೊರ ಸದ್ದು ಬಂತು. ನಾನು ಸಮಾಧಾನಪಟ್ಟುಕೊಂಡು ಒಳಗೆ ಬಂದೆ. ಮಧ್ಯಾಹ್ನದೊಳಗೆ ಅದು ಸತ್ತಿತು.

ಹಾದಿ ತುಂಬ ಕೆಸರಿದ್ದರೂ ನೆರೆಮನೆಯ ಅಕ್ಕ ವಿಷಯ ತಿಳಿದು ಬಂದರು. ಅವರ ಹಟ್ಟಿಯಲ್ಲಿ ಹನ್ನೆರಡು ಆಡುಗಳಿವೆ. ‘ಎಂತ ಮಾಷ್ಟ್ರೇ, ಬಾಯಿಗೆ ಬೆರಳು ಹಾಕಿ ನೋಡಲಿಲ್ಲವಾ? ತಣ್ಣಗಾದ ಮರಿಗೆ ಹಾಲು ಕೊಡುವುದುಂಟಾ?’ ಎಂದು ಕೇಳಿದರು. ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಹಾಕಿದವನಿಗೆ ಉತ್ತರ ಹೊಳೆಯಲಿಲ್ಲ. ಮಳೆ ಇಳಿದ ಮೇಲೆ ಪಶುವೈದ್ಯರನ್ನು ಕೇಳಿದಾಗ ಅವರು ಹೇಳಿದ್ದೂ ಅದನ್ನೇ, ಕಾರಣಸಹಿತವಾಗಿ.

ಆ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಳೆಮರಿಗಳ ಸಾವಿನಲ್ಲಿ ದೊಡ್ಡ ಪಾಲು ಇದರಲ್ಲೇ ಅಡಗಿದೆ. ಆಡಿನ ಮರಿಯ ಸಹಜ ಉಷ್ಣತೆ ಸುಮಾರು 101.5ರಿಂದ 103.5 ಡಿಗ್ರಿ ಫ್ಯಾರನ್‌ಹೀಟ್. ನಮಗೆ ಜ್ವರವೆನಿಸುವುದು ಅದಕ್ಕೆ ಆರೋಗ್ಯ. ಬಸುರಿನ ಬೆಚ್ಚನೆಯಿಂದ ಹೊರಬಿದ್ದ ಒಂದೂವರೆ ಎರಡು ಕಿಲೋ ತೂಕದ ಜೀವ ಒದ್ದೆ ಮೈಯಲ್ಲಿ, ಬೀಸುವ ಗಾಳಿಯಲ್ಲಿ ಆ ಉಷ್ಣತೆಯನ್ನು ತಾನೇ ಕಾಪಾಡಿಕೊಳ್ಳಬೇಕು. ಅದಕ್ಕಾಗಿ ಪ್ರಕೃತಿ ಒಂದಿಷ್ಟು ಕಂದು ಕೊಬ್ಬನ್ನು ಬುತ್ತಿ ಕಟ್ಟಿ ಕಳುಹಿಸಿರುತ್ತದೆ. ಬುತ್ತಿ ಮುಗಿಯಲು ಕೆಲವೇ ಗಂಟೆ ಸಾಕು. ಅಷ್ಟರೊಳಗೆ ಹಾಲು ಸಿಗಲಿಲ್ಲವೆಂದರೆ ಮೈ ತಣ್ಣಗಾಗುತ್ತದೆ. ತಣ್ಣಗಾದ ಮರಿ ಎದ್ದು ನಿಲ್ಲಲಾರದು, ಚೀಪಲಾರದು. ಚೀಪದಿದ್ದರೆ ಮತ್ತಷ್ಟು ತಣ್ಣಗಾಗುತ್ತದೆ. ಈ ಸ್ಥಿತಿಯಲ್ಲಿ ನುಂಗುವ ಶಕ್ತಿ ಕುಗ್ಗಿರುವುದರಿಂದ ನಾವು ಹೊಯ್ದ ಹಾಲು ಶ್ವಾಸಕೋಶಕ್ಕೆ ಇಳಿಯಬಹುದು. ಹೊಟ್ಟೆಗೇ ಇಳಿದರೂ ಕರುಳು ಚಲಿಸದೆ ಅಲ್ಲಿಯೇ ಕೆಡುತ್ತದೆ. ಅಂದು ನಾನು ಕೇಳಿದ ಗೊರಗೊರ ಸದ್ದು ಹಾಲು ತಪ್ಪು ದಾರಿ ಹಿಡಿದ ಸದ್ದು.

ಆದ್ದರಿಂದ ಮಂಕಾಗಿ ಮಲಗಿದ ಮರಿಯನ್ನು ಕಂಡೊಡನೆ ಮಾಡಬೇಕಾದುದು ಬೆರಳನ್ನು ತೊಳೆದು ಅದರ ಬಾಯೊಳಗೆ ಇಡುವುದು. ಒಳಗೆ ಬೆಚ್ಚಗಿದ್ದು ಬೆರಳನ್ನು ಚೀಪಿದರೆ ಹಾಲು ಕೊಡಬಹುದು. ತಣ್ಣಗಿದ್ದರೆ ಹಾಲಿನ ಮಾತೇ ಬೇಡ, ಮೊದಲು ಕಾವು. ಮನೆಯಲ್ಲಿ ಜ್ವರ ನೋಡುವ ಥರ್ಮಾಮೀಟರ್ ಇದ್ದರೆ ಒಂದನ್ನು ಮರಿಗಳಿಗೆಂದೇ ಬೇರೆ ಇಟ್ಟು, ಗುದದ್ವಾರದಲ್ಲಿ ಮೆಲ್ಲನೆ ಹಿಡಿದು ನೋಡಿ. 100 ಡಿಗ್ರಿಗಿಂತ ಕೆಳಗೆ ಇಳಿದಿದ್ದರೆ ಎಚ್ಚರಿಕೆ. 99ಕ್ಕಿಂತಲೂ ಇಳಿದಿದ್ದರೆ ಅಪಾಯ.

ಕಾವು ಕೊಡುವುದು ಹೇಗೆ? ಮೊದಲು ಒಣ ಬಟ್ಟೆಯಿಂದಲೋ ಗೋಣಿಯಿಂದಲೋ ಮೈಯನ್ನು ಚೆನ್ನಾಗಿ ಉಜ್ಜಿ ಒರಸಿ. ಉಜ್ಜುವುದರಿಂದ ರಕ್ತ ಓಡುತ್ತದೆ, ಉಸಿರೂ ಸರಾಗವಾಗುತ್ತದೆ. ರಟ್ಟಿನ ಪೆಟ್ಟಿಗೆಯಲ್ಲಿ ಒಣಹುಲ್ಲು ಹಾಸಿ ಮಲಗಿಸಿ, ಬಿಸಿನೀರು ತುಂಬಿದ ಶೀಶೆಗಳನ್ನು ಬಟ್ಟೆ ಸುತ್ತಿ ಎರಡು ಮಗ್ಗುಲಿಗೆ ಇಡಿ. ನೀರು ಆರಿದ ಹಾಗೆ ಬದಲಿಸುತ್ತಿರಿ. ಪೇಟೆಯ ಮನೆಗಳಲ್ಲಿ ಕೂದಲು ಒಣಗಿಸುವ ವಿದ್ಯುತ್ ಯಂತ್ರವಿರುತ್ತದೆ. ಅದನ್ನು ದೂರ ಹಿಡಿದು ಬಳಸಬಹುದು. ಒಲೆಯ ಬದಿಯಲ್ಲಿ ಮಲಗಿಸುವುದಾದರೆ ಯಾರಾದರೂ ಎಚ್ಚರವಿರಬೇಕು. ಹುಲ್ಲಿನ ಮೇಲೆ ದೊಡ್ಡ ವಿದ್ಯುದ್ದೀಪವನ್ನು ತೂಗುಹಾಕಿ ನಿದ್ದೆಹೋಗುವುದಂತೂ ಹಟ್ಟಿಗೆ ಬೆಂಕಿಯನ್ನು ಕರೆದಂತೆ. ಬೆಚ್ಚನೆಯ ನೀರಿನಲ್ಲಿ ಕುತ್ತಿಗೆಯವರೆಗೆ ಮರಿಯನ್ನು ಅದ್ದಿ ಹಿಡಿಯುವುದೂ ಒಂದು ಕ್ರಮ. ಬೇಗ ಕಾವೇರುತ್ತದೆ ನಿಜ, ಆದರೆ ಮರಿಯ ವಾಸನೆ ತೊಳೆದುಹೋಗಿ ತಾಯಿ ಆಮೇಲೆ ‘ನನ್ನದಲ್ಲ’ ಎಂದು ದೂಡಬಹುದು. ಬೇರೆ ಉಪಾಯ ಇಲ್ಲದಾಗ ಮಾತ್ರ ಅದು.

ಒಂದು ಸೂಕ್ಷ್ಮವುಂಟು. ಹುಟ್ಟಿ ಐದಾರು ಗಂಟೆ ಕಳೆದೂ ಏನನ್ನೂ ಕುಡಿಯದೆ, ತಲೆಯೆತ್ತಲಾರದೆ ಬಿದ್ದಿರುವ ಮರಿಯ ರಕ್ತದಲ್ಲಿ ಸಕ್ಕರೆ ತೀರಾ ಇಳಿದಿರುತ್ತದೆ. ಅಂಥದಕ್ಕೆ ಬರೀ ಕಾವು ಕೊಟ್ಟರೆ ಮೈ ಬೆಚ್ಚಗಾಗುತ್ತಿರುವಾಗಲೇ ಸೆಳವು ಬಂದು ಸಾಯುವುದುಂಟು. ಪಶುವೈದ್ಯರು ಮೊದಲು ಗ್ಲೂಕೋಸನ್ನು ಸೂಜಿಯ ಮೂಲಕ ಹೊಟ್ಟೆಯ ಪೊಳ್ಳಿಗೆ ಕೊಟ್ಟು ಆಮೇಲೆ ಕಾವಿಗೆ ಇಡುತ್ತಾರೆ. ಅದು ತಿಳಿದವರ ಕೈಕೆಲಸ, ನಾವು ಮಾಡತಕ್ಕದ್ದಲ್ಲ. ಅವರು ಬರುವವರೆಗೆ ಸಕ್ಕರೆ ಪಾಕವನ್ನೋ ಗ್ಲೂಕೋಸನ್ನೋ ಬೆರಳಿಗೆ ತುಸು ಹಚ್ಚಿಕೊಂಡು ವಸಡಿಗೆ ಸವರುತ್ತಿರಬಹುದು. ಸವರುವುದು ಎಂದೆ, ಹೊಯ್ಯುವುದು ಎನ್ನಲಿಲ್ಲ.

ಇನ್ನು ಹಾಲಿನ ವಿಚಾರ. ನಮ್ಮ ಅಮರಕೋಶದಲ್ಲಿ ‘ಪೀಯೂಷ’ ಎಂಬ ಪದ ಅಮೃತಕ್ಕೆ ಹೆಸರಾಗಿ ಬರುತ್ತದೆ. ಹೊಸದಾಗಿ ಈದ ಪಶುವಿನ ಹಾಲಿಗೂ ಅದೇ ಪದವನ್ನೋ ಅದರ ಸೋದರ ರೂಪವನ್ನೋ ಹೇಳುತ್ತಾರೆ. ವಿದ್ಯಾರ್ಥಿಯಾಗಿದ್ದಾಗ ಇದನ್ನು ಬಾಯಿಪಾಠ ಮಾಡಿದೆನೇ ಹೊರತು ಒಂದೇ ಶಬ್ದ ಎರಡು ಕಡೆ ಏಕೆ ಎಂದು ಯೋಚಿಸಿರಲಿಲ್ಲ. ಕನ್ನಡದಲ್ಲಿ ಅದು ಗಿಣ್ಣು. ಮನುಷ್ಯಶಿಶುವಿಗೆ ತಾಯಿಯ ರೋಗನಿರೋಧಕ ವಸ್ತುಗಳು ಗರ್ಭದಲ್ಲಿಯೇ ಬಹಳಷ್ಟು ದೊರೆಯುತ್ತವೆ. ಆಡು, ಕುರಿ, ದನಗಳಲ್ಲಿ ಹಾಗಲ್ಲ. ಅವುಗಳ ಮಾಸಿನ ರಚನೆಯೇ ಬೇರೆ. ಆ ವಸ್ತುಗಳು ಅದನ್ನು ದಾಟಿ ಮರಿಗೆ ತಲಪಲಾರವು. ಮರಿ ಬರಿಗೈಯಲ್ಲಿ ಹುಟ್ಟುತ್ತದೆ. ಬೇಕಾದ ಆಯುಧವೆಲ್ಲ ಗಿಣ್ಣಿನಲ್ಲಿದೆ. ಆ ಆಯುಧಗಳನ್ನು ಹಾಗೆಯೇ ರಕ್ತಕ್ಕೆ ಬಿಟ್ಟುಕೊಳ್ಳುವ ಬಾಗಿಲು ಮರಿಯ ಕರುಳಿನಲ್ಲಿ ಹುಟ್ಟುವಾಗ ತೆರೆದಿರುತ್ತದೆ, ಗಂಟೆ ಗಂಟೆಗೂ ಮುಚ್ಚುತ್ತ ಬರುತ್ತದೆ, ಸುಮಾರು ಇಪ್ಪತ್ತನಾಲ್ಕು ಗಂಟೆಗೆ ಮುಚ್ಚಿಯೇ ಹೋಗುತ್ತದೆ. ಮರುದಿನ ಸಂಜೆ ಎಷ್ಟು ಗಿಣ್ಣು ಕುಡಿಸಿದರೂ ಅದು ಆಹಾರವಾಗಬಹುದೇ ಹೊರತು ಆ ರಕ್ಷಣೆ ಸಿಗದು.

ಹೀಗಿರುವಾಗ ಮೊದಲ ಹಾಲು ಮಂದವಾಗಿದೆ, ಹಳದಿಯಾಗಿದೆ, ಮರಿಗೆ ಜೀರ್ಣವಾಗದು ಎಂದು ನೆಲಕ್ಕೆ ಕರೆದು ಚೆಲ್ಲುವವರಿದ್ದಾರೆ! ಮೊಲೆಯ ತುದಿಯಲ್ಲಿ ಕಟ್ಟಿರುವ ಬೆಣೆ ಬಿಡಿಸಲು ಎರಡು ಎಳೆ ಕರೆದು ಬಿಟ್ಟರೆ ಸಾಕು, ಉಳಿದದ್ದು ಮರಿಯ ಹಕ್ಕು. ಮಾಸು ಬೀಳಲಿ, ಆಮೇಲೆ ಹಾಲು ಎಂದು ಕಾಯುವುದೂ ತಪ್ಪು. ಹುಟ್ಟಿದ ಒಂದು ಗಂಟೆಯೊಳಗೆ ಹೊಟ್ಟೆಗೆ ಬೀಳಬೇಕು. ಎರಡು ಕಿಲೋ ತೂಗುವ ಮರಿಗೆ ಒಂದು ಸಲಕ್ಕೆ ಸುಮಾರು ನೂರು ಮಿಲಿಲೀಟರ್, ಮೊದಲ ದಿನದಲ್ಲಿ ಮೂರು ನಾಲ್ಕು ಸಲ ಎಂದು ಲೆಕ್ಕ. ತಾನೇ ಎದ್ದು ಕುಡಿಯುವ ಮರಿಗೆ ಈ ಲೆಕ್ಕ ಬೇಡ. ಆದರೆ ಕೆಚ್ಚಲ ಬಳಿ ನಿಂತಿದೆ ಎಂದಮಾತ್ರಕ್ಕೆ ಕುಡಿಯುತ್ತಿದೆ ಎಂದು ತಿಳಿಯಬೇಡಿ. ನಮ್ಮಲ್ಲಿ ಹುಟ್ಟಿದ ಒಂದು ಹೆಣ್ಣುಮರಿ ಅರ್ಧ ಗಂಟೆ ತಾಯಿಯ ಮುಂಗಾಲುಗಳ ನಡುವೆಯೇ ತಡಕಾಡಿ, ಕೊನೆಗೆ ಕೊರಳಿನ ಆ ಕುಚ್ಚನ್ನೇ ಚೀಪತೊಡಗಿತು. ನ್ಯಾಯಶಾಸ್ತ್ರ ತಿಳಿಯದ ಪ್ರಾಣಿ! ತಲೆ ಹಿಡಿದು ಕೆಚ್ಚಲಿಗೆ ತಿರುಗಿಸಬೇಕಾಯಿತು. ಹೊಟ್ಟೆಯನ್ನು ಮುಟ್ಟಿ ನೋಡಿ: ತುಂಬಿದ್ದರೆ ತಿಳಿಯುತ್ತದೆ, ಬೆನ್ನಿಗೆ ಅಂಟಿದ್ದರೂ ತಿಳಿಯುತ್ತದೆ. ಅವಳಿಗಳಲ್ಲಿ ಚಿಕ್ಕದನ್ನು ದಿನವೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಬಹುದು. ತೂಕ ದಿನದಿನಕ್ಕೆ ಏರುತ್ತಿರಬೇಕು. ನಿಂತಿತೆಂದರೆ ಕಾರಣ ಹುಡುಕಬೇಕು.

ಹಾಲು ಹೆಚ್ಚಿರುವ ಆಡು ಈದಾಗ ಮಿಕ್ಕ ಗಿಣ್ಣನ್ನು ಸಣ್ಣ ಸಣ್ಣ ಶೀಶೆಗಳಲ್ಲಿ ಶೀತಪೆಟ್ಟಿಗೆಯ ಹಿಮಗಟ್ಟುವ ಭಾಗದಲ್ಲಿ ಇಟ್ಟುಕೊಂಡಿದ್ದರೆ ತಾಯಿ ಸತ್ತ ಅಥವಾ ಹಾಲಿಲ್ಲದ ಮರಿಗೆ ಅದು ಜೀವದಾನ. ಪೇಟೆಯವರು ನೀವು ಈ ಸೌಕರ್ಯದಲ್ಲಿ ಹಳ್ಳಿಯವರಿಗಿಂತ ಮುಂದಿದ್ದೀರಿ. ಕರಗಿಸುವಾಗ ಶೀಶೆಯನ್ನು ಬಿಸಿನೀರಿನ ಪಾತ್ರೆಯಲ್ಲಿ ಇಡಿ, ನೀರು ಕೈ ತಡೆಯುವಷ್ಟು ಬಿಸಿಯಿದ್ದರೆ ಸಾಕು. ಒಲೆಯ ಮೇಲೆ ಕುದಿಸಿದರೆ ನಮಗೆ ತಿನ್ನಲು ಒಳ್ಳೆಯ ಗಿಣ್ಣಾಗುತ್ತದೆ, ಮರಿಗೆ ಬೇಕಾದ ಗುಣ ಅಷ್ಟೂ ಹೋಗುತ್ತದೆ.

ಶೀಶೆಯಿಂದ ಕುಡಿಸುವಾಗ ಮರಿಯನ್ನು ನಿಲ್ಲಿಸಿಯೇ ಕುಡಿಸಿ. ತಾಯಿಯ ಕೆಳಗೆ ಹೇಗೆ ಕತ್ತು ಚಾಚುತ್ತದೆಯೋ ಹಾಗೆಯೇ ಇರಲಿ. ಮಗುವಿನಂತೆ ತೊಡೆಯ ಮೇಲೆ ಅಂಗಾತ ಮಲಗಿಸಿ ಕುಡಿಸಿದರೆ ಚಿತ್ರ ತೆಗೆಯಲು ಚೆಂದ, ಮರಿಗೆ ಗಂಡಾಂತರ. ಕುಪ್ಪಿಯ ತೊಟ್ಟಿನ ತೂತು ದೊಡ್ಡದಾಗಿರಬಾರದು. ಪ್ರೀತಿಯಿಂದ ಕೇಳಿದಾಗಲೆಲ್ಲ ಕೊಟ್ಟು ಹೊಟ್ಟೆ ಉಬ್ಬಿಸುವುದೂ ಬೇಡ; ಸ್ವಲ್ಪ ಸ್ವಲ್ಪವಾಗಿ, ಹೊತ್ತಿಗೆ ಸರಿಯಾಗಿ, ಪ್ರತಿಸಲ ಕುಪ್ಪಿಯನ್ನು ಕುದಿಯುವ ನೀರಿನಲ್ಲಿ ತೊಳೆದು ಕೊಡಬೇಕು. ಗಾಂಧೀಜಿಯವರ ಕಾಲದಿಂದ ಆಡಿನ ಹಾಲಿಗೆ ನಮ್ಮಲ್ಲಿ ಒಂದು ಗೌರವವುಂಟು. ಆ ಗೌರವದಿಂದ ಮೊದಲ ವಾರವೇ ಚಹಾಕ್ಕೆಂದು ಕರೆಯಲು ಕೂರುವವರು ಮರಿಯ ಮುಖವನ್ನೂ ಒಮ್ಮೆ ನೋಡಬೇಕು.

ಹೊಕ್ಕುಳಬಳ್ಳಿಯ ವಿಷಯ ಚಿಕ್ಕದು, ಆದರೆ ಮರೆಯುವಂಥದಲ್ಲ. ಹುಟ್ಟಿದೊಡನೆ ಅದು ಹೊರಗಿನ ಕೊಳೆಗೆ ತೆರೆದ ಬಾಗಿಲು. ಚಿಕ್ಕ ಬಟ್ಟಲಿನಲ್ಲಿ ಅಯೊಡಿನ್ ಟಿಂಕ್ಚರ್ ತೆಗೆದುಕೊಂಡು ಬಳ್ಳಿ ಪೂರ್ತಿ ಮುಳುಗುವಂತೆ ಅದ್ದಿ. ಕೆಲವು ಗಂಟೆಗಳ ಮೇಲೆ ಮತ್ತೊಮ್ಮೆ ಅದ್ದಿ. ಎಳೆಯಬಾರದು, ಹೊಟ್ಟೆಗೆ ಅಂಟಿದಂತೆ ಕತ್ತರಿಸಬಾರದು. ಸೆಗಣಿ, ಬೂದಿ ಮೆತ್ತುವುದು ಧನುರ್ವಾಯುವಿಗೆ ಆಹ್ವಾನ. ಅರಿಸಿನದ ಮೇಲೆ ನನಗೂ ಭಕ್ತಿಯುಂಟು, ಈ ಕೆಲಸಕ್ಕೆ ಮಾತ್ರ ಅದು ಸಾಲದು. ಒಂದೆರಡು ವಾರದ ಮರಿ ಕುಂಟತೊಡಗಿ, ಮೊಣಕಾಲು ಬಿಸಿಯಾಗಿ ಊದಿಕೊಂಡರೆ ಬಿದ್ದು ಪೆಟ್ಟಾಯಿತೆಂದು ಎಣ್ಣೆ ತಿಕ್ಕುತ್ತಾರೆ. ಬಹುಮಟ್ಟಿಗೆ ಅದು ಹೊಕ್ಕುಳಿನಿಂದ ಒಳಹೊಕ್ಕ ನಂಜು. ಬೇಗ ತೋರಿಸಿದರೆ ಔಷಧವುಂಟು, ತಡವಾದರೆ ಕಾಲು ಹೋಗುತ್ತದೆ.

ಭೇದಿಯ ವಿಚಾರದಲ್ಲಿ ಜನ ಬೇಗ ಗಾಬರಿಗೊಳ್ಳುತ್ತಾರೆ, ಕೆಲವೊಮ್ಮೆ ಸಲ್ಲದ ಕಡೆಗೆ. ಮೊದಲ ದಿನದ ಕಪ್ಪು ಅಂಟಿನಂತಹ ಮಲ ಸಹಜ. ಆಮೇಲೆ ಬರುವ ಹಳದಿ ಮುದ್ದೆಯೂ ಸಹಜ. ಅದು ಬಾಲಕ್ಕೆ ಒಣಗಿ ದ್ವಾರ ಮುಚ್ಚಿದರೆ ಬೆಚ್ಚನೆಯ ನೀರಿನಿಂದ ಒರಸಿದರಾಯಿತು. ನೀರಿನಂತೆ ಹೋಗುವುದು, ದುರ್ವಾಸನೆ, ಮರಿ ಮಂಕಾಗುವುದು ರೋಗದ ಲಕ್ಷಣ. ಕುತ್ತಿಗೆಯ ಚರ್ಮವನ್ನು ಎತ್ತಿ ಬಿಟ್ಟಾಗ ಅದು ತಟ್ಟನೆ ಮೊದಲಿನಂತಾಗದೆ ನಿಧಾನವಾಗಿ ಇಳಿದರೆ ಮೈಯಲ್ಲಿ ನೀರು ಕಡಿಮೆಯಾಗಿದೆಯೆಂದು ಅರ್ಥ. ಕೊಲ್ಲುವುದು ಹೆಚ್ಚಾಗಿ ಈ ನೀರಿನ ಕೊರತೆಯೇ. ನಮ್ಮ ಮಕ್ಕಳಿಗೆ ಕೊಡುವ ಓ.ಆರ್.ಎಸ್. ಪುಡಿಯನ್ನು ಹೇಳಿದ ಪ್ರಮಾಣದ ನೀರಿನಲ್ಲಿ ಕಲಸಿ, ಹಾಲಿಗೆ ಬೆರೆಸದೆ, ಎರಡು ಹಾಲಿನ ನಡುವೆ ಉಗುರುಬೆಚ್ಚಗೆ ಕುಡಿಸಬಹುದು. ಹಾಲನ್ನು ದಿನಗಟ್ಟಲೆ ನಿಲ್ಲಿಸಬೇಡಿ.

ಮೂರು ನಾಲ್ಕು ವಾರ ದಾಟಿದ ಮರಿಗೆ, ಅದರಲ್ಲೂ ಮಳೆಗಾಲದ ಕೆಸರು ಹಟ್ಟಿಯಲ್ಲಿ, ಮುಕ್ಕರಿದು ಮುಕ್ಕರಿದು ಭೇದಿ ಆಗುತ್ತಿದ್ದರೆ, ರಕ್ತ ಕಂಡರೆ, ಕಾಕ್ಸಿಡಿಯಾ ಎಂಬ ಸೂಕ್ಷ್ಮಜೀವಿಯನ್ನು ಸಂಶಯಿಸಬೇಕು. ಅದಕ್ಕೆ ಜಂತುಹುಳದ ಔಷಧ ನಾಟುವುದಿಲ್ಲ. ಬೇರೆಯೇ ಮದ್ದು ಬೇಕು. ಚಿಟಿಕೆ ಹಿಕ್ಕೆಯನ್ನು ಪಶು ಆಸ್ಪತ್ರೆಗೆ ಒಯ್ದು ಸೂಕ್ಷ್ಮದರ್ಶಕದಲ್ಲಿ ತೋರಿಸುವುದು, ಔಷಧದಂಗಡಿಯಲ್ಲಿ ‘ಭೇದಿಗೆ ಒಂದು ಗುಳಿಗೆ ಕೊಡಿ’ ಎನ್ನುವುದಕ್ಕಿಂತ ಅಗ್ಗವೂ ಹೌದು, ಬುದ್ಧಿವಂತಿಕೆಯೂ ಹೌದು.

ಇಷ್ಟೆಲ್ಲ ತೊಂದರೆಯ ಬೇರು ನೆಲದಲ್ಲಿದೆ. ನಮ್ಮ ಕಡೆ ಅಡಕೆ ಮರವನ್ನು ಸೀಳಿ, ಹಿಕ್ಕೆ ಉದುರುವಷ್ಟು ಸಂದು ಬಿಟ್ಟು, ನೆಲದಿಂದ ಎತ್ತರದಲ್ಲಿ ಅಟ್ಟಳಿಗೆ ಕಟ್ಟುತ್ತಾರೆ. ಬಹಳ ಒಳ್ಳೆಯ ಏರ್ಪಾಡು. ಆದರೆ ದೊಡ್ಡ ಆಡಿಗೆ ಬಿಟ್ಟ ಸಂದಿನಲ್ಲಿ ಎಳೆಮರಿಯ ಕಾಲು ಸಿಕ್ಕಿ ಮುರಿಯುತ್ತದೆ. ಕೆಳಗಿನಿಂದ ಶೀತಗಾಳಿಯೂ ಹೊಡೆಯುತ್ತದೆ. ಮೊದಲ ಎರಡು ಮೂರು ವಾರ ಒಂದು ಮೂಲೆಗೆ ಗೋಣಿ ಹಾಸಿ, ಮೇಲೆ ಒಣಹುಲ್ಲು ಹರಡಿ, ದಿನವೂ ಬದಲಿಸಬೇಕು. ಗಾಳಿಗೆ ಹೆದರಿ ಹಟ್ಟಿಯನ್ನು ಸುತ್ತಲೂ ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯುವವರೂ ಉಂಟು. ನೀವು ಮರಿಯ ಎತ್ತರಕ್ಕೆ ಕುಕ್ಕುರುಗಾಲಿನಲ್ಲಿ ಕುಳಿತು ಒಮ್ಮೆ ಉಸಿರೆಳೆಯಿರಿ. ಮೂತ್ರದ ಘಾಟಿಗೆ ನಿಮ್ಮ ಕಣ್ಣು ಉರಿದರೆ ಅದರ ಶ್ವಾಸಕೋಶ ದಿನವಿಡೀ ಉರಿಯುತ್ತಿದೆ. ಸೊಳ್ಳೆಗೆಂದು ಹಾಕುವ ಹೊಗೆಯೂ ಹಾಗೆಯೇ. ಮೂಗು ಸೋರುವುದು, ಕೆಮ್ಮು, ಪಕ್ಕೆ ಎಳೆದುಕೊಂಡು ಉಸಿರಾಡುವುದು, ಉಷ್ಣತೆ 104 ದಾಟುವುದು ನ್ಯುಮೋನಿಯದ ಗುರುತು. ಅದಕ್ಕೆ ಮನೆಮದ್ದಿನಲ್ಲಿ ಹೊತ್ತು ಕಳೆಯಬೇಡಿ.

ಚಾರ್ಮಾಡಿಯಂಥ ಊರಿನಲ್ಲಿ ಇನ್ನೂ ಒಂದು ಉಪಾಯವಿದೆ, ಅದಕ್ಕೆ ಕಾಸು ಬೇಡ. ಆಡಿನ ಗರ್ಭಕಾಲ ಸುಮಾರು 150 ದಿನ. ಜನವರಿಯಿಂದ ಮಾರ್ಚ್‌ವರೆಗೆ ಹೋತವನ್ನು ಬೇರೆ ಕಟ್ಟಿದರೆ ಮಳೆಯ ಮಧ್ಯದಲ್ಲಿ ಮರಿ ಬೀಳುವುದು ತಪ್ಪುತ್ತದೆ. ಮೇ ಕೊನೆಯಲ್ಲಿ ಕೂಡಿಸಿದರೆ ಅಕ್ಟೋಬರ್ ಕೊನೆಗೆ ಮರಿ, ಆ ಹೊತ್ತಿಗೆ ಬಿಸಿಲು. ಆ 2019ರ ನಂತರ ನಮ್ಮ ಮನೆಯವರು ಪಂಚಾಂಗದ ಪಕ್ಕದಲ್ಲಿಯೇ ಈ ಲೆಕ್ಕವನ್ನೂ ಬರೆದಿಡುತ್ತಾರೆ.

ಕೊನೆಯದಾಗಿ ‘ದೃಷ್ಟಿ’ಯ ಮಾತು. ಎರಡು ಮರಿಗಳಲ್ಲಿ ಗುಂಡಗೆ, ಚೆನ್ನಾಗಿ ಬೆಳೆಯುತ್ತಿದ್ದುದೇ ಒಂದು ಬೆಳಗ್ಗೆ ಕಾಲು ಬಡಿದು ಸತ್ತಿರುತ್ತದೆ, ಬಡಕಲು ಬದುಕಿರುತ್ತದೆ. ಯಾರದೋ ಕಣ್ಣು ಬಿತ್ತು ಎನ್ನುತ್ತಾರೆ. ಕಣ್ಣು ಒಳ್ಳೆಯ ಮರಿಯ ಮೇಲೆಯೇ ಏಕೆ ಬೀಳುತ್ತದೆಂಬ ಪ್ರಶ್ನೆಗೆ ಉತ್ತರವುಂಟು. ಇದು ಕರುಳುಬೇನೆ. ಇದರ ರೋಗಾಣು ಕರುಳಿನಲ್ಲಿ ಮೊದಲೇ ಸುಮ್ಮನಿರುತ್ತದೆ, ಹಾಲೋ ಹಿಂಡಿಯೋ ಒಮ್ಮೆಲೇ ಹೆಚ್ಚು ಬಿದ್ದಾಗ ಕೆರಳಿ ವಿಷ ಕಾರುತ್ತದೆ. ಹೆಚ್ಚು ಕುಡಿಯುವ ಬಲಿಷ್ಠ ಮರಿಯೇ ಬಲಿಯಾಗುವುದು ಅದಕ್ಕಾಗಿ. ಬಂದ ಮೇಲೆ ಚಿಕಿತ್ಸೆಗೆ ವೇಳೆಯೇ ಇರುವುದಿಲ್ಲ. ಈಯುವ ಒಂದು ತಿಂಗಳು ಮೊದಲು ತಾಯಿಗೆ ಲಸಿಕೆ ಹಾಕಿಸಿದರೆ ಅದರ ರಕ್ಷಣೆ ಗಿಣ್ಣಿನ ಮೂಲಕ ಮರಿಗೂ ಬರುತ್ತದೆ. ಮುಂದೆ ಮರಿಗೆ ಎಂದು ಹಾಕಿಸಬೇಕೆಂದು ವೈದ್ಯರನ್ನು ಕೇಳಿ. ಆಡು ಪ್ಲೇಗೆಂದು ಹೆಸರಾದ ಪಿ.ಪಿ.ಆರ್. ರೋಗ 1942ರಲ್ಲಿ ಆಫ್ರಿಕದ ಐವರಿಕೋಸ್ಟಿನಲ್ಲಿ ಗುರುತಿಗೆ ಬಂದು, 1987ರಲ್ಲಿ ತಮಿಳುನಾಡಿನಲ್ಲಿ ಕಾಣಿಸಿಕೊಂಡಿತು. ಅದನ್ನು 2030ರೊಳಗೆ ಭೂಮಿಯಿಂದಲೇ ಅಳಿಸಬೇಕೆಂದು ಜಗತ್ತು ಗುರಿಯಿಟ್ಟಿದೆ. ಅದರ ಲಸಿಕೆಯನ್ನು ಮರಿಗೆ ಮೂರು ನಾಲ್ಕು ತಿಂಗಳಾದಾಗ ಹಾಕಿಸುವುದು ವಾಡಿಕೆ. ಬಹಳ ಮೊದಲೇ ಹಾಕಿದರೆ ಗಿಣ್ಣಿನಿಂದ ಬಂದ ರಕ್ಷಣೆಯೇ ಲಸಿಕೆಯನ್ನು ನಿಷ್ಫಲ ಮಾಡುತ್ತದೆ.

ಪಶು ಚಿಕಿತ್ಸಾ ವಾಹನಕ್ಕೆ ಕರೆ ಮಾಡುವ ಸಂಖ್ಯೆ 1962. ಹಟ್ಟಿಯ ಬಾಗಿಲಿಗೆ ಸೀಮೆಸುಣ್ಣದಲ್ಲಿ ಬರೆದಿಡಿ. ಕರೆ ಮಾಡಿದಾಗ ಮರಿ ಹುಟ್ಟಿ ಎಷ್ಟು ಗಂಟೆಯಾಯಿತು, ಗಿಣ್ಣು ಕುಡಿದಿದೆಯೆ, ಬಾಯೊಳಗೆ ಬೆಚ್ಚಗಿದೆಯೆ ತಣ್ಣಗಿದೆಯೆ, ತಲೆಯೆತ್ತುತ್ತದೆಯೆ ಎಂಬ ನಾಲ್ಕು ವಿಷಯವನ್ನು ಮೊದಲೇ ಹೇಳಿಬಿಡಿ. ಮಳೆಗೆ ರಸ್ತೆ ಕಡಿದು ಅವರು ಬರಲಾಗದಿದ್ದರೂ ಏನು ಮಾಡಬೇಕೆಂದು ಅಲ್ಲಿಂದಲೇ ಹೇಳಲು ಅಷ್ಟು ಸಾಕಾಗುತ್ತದೆ.